ಕಟ್ಟಿದವರ ಹೆಸರು: ಕರ್ನಾಟಕದಲ್ಲಿ ಕರ್ನಲ್ ಕಟ್ಟುವ ಕಸುಬು

ಯುನಿಕ್ಸ್ ಮತ್ತು ಅದರ ವಂಶದ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಮೆಮೊರಿಯನ್ನು ಹಂಚುವ, ಡಿಸ್ಕಿಗೆ ಬರೆಯುವ, ಯಾವ ಕೆಲಸ ಯಾವಾಗ ನಡೆಯಬೇಕೆಂದು ತೀರ್ಮಾನಿಸುವ ಒಳಗಿನ ತಂತ್ರಾಂಶಕ್ಕೆ ಕರ್ನಲ್ ಎಂದೂ, ಬಳಕೆದಾರ ಕೊಟ್ಟ ಆಜ್ಞೆಯನ್ನು ಓದಿ ಒಳಕ್ಕೆ ದಾಟಿಸುವ ಹೊರಗಿನ ತಂತ್ರಾಂಶಕ್ಕೆ ಶೆಲ್ ಎಂದೂ ಹೆಸರು. ತಿರುಳು ಮತ್ತು ಚಿಪ್ಪು ಎಂಬ ಈ ಜೋಡಿ ಹೆಸರನ್ನು ಕಾಫಿ ಸೀಮೆಯಾದ ಮೂರ್ನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಿನ ಸಿಪ್ಪೆಯೂ ಪಾರ್ಚ್‌ಮೆಂಟ್ ಪೊರೆಯೂ ಕಳಚಿದ ಮೇಲೆ ಉಳಿಯುವ ಬೀಜ ಯಾವುದೆಂದು ಕಣದಲ್ಲಿ ಕಾಫಿ ಒಣಗಿಸಿದವರಿಗೆಲ್ಲ ಗೊತ್ತು. ಹೋಲಿಕೆ ಒಂದು ಕಡೆ ಮಾತ್ರ ಸೋಲುತ್ತದೆ: ಕಾಫಿ ಬೀಜ ಗಿಡ ಕೊಟ್ಟಂತೆ ಬರುತ್ತದೆ, ಕರ್ನಲನ್ನಾದರೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು. ಮನುಷ್ಯರು ಓದಬಲ್ಲ ರೂಪದಲ್ಲಿರುವ ಮೂಲಸಂಕೇತವನ್ನು ಎದುರಿಗಿಟ್ಟುಕೊಂಡು, ತಮ್ಮ ಯಂತ್ರಕ್ಕೆ ಯಾವ ಭಾಗ ಬೇಕು, ಯಾವುದು ಬೇಡ ಎಂದು ಆಯ್ದು, ಅದನ್ನು ಯಂತ್ರಭಾಷೆಗೆ ಕಂಪೈಲ್ ಮಾಡಿ, ಹೊಸ ಕರ್ನಲಿನಿಂದಲೇ ಯಂತ್ರವನ್ನು ಮತ್ತೆ ಎಬ್ಬಿಸುವ ಈ ಕೆಲಸ ಐವತ್ತು ವರ್ಷಗಳಿಂದ ನಡೆದುಬಂದಿದೆ.

ಹೀಗೆ ಕಟ್ಟಿದ ಕರ್ನಲ್ ತನ್ನೊಳಗೆ ಒಂದು ಸಾಲನ್ನು ಇಟ್ಟುಕೊಳ್ಳುವುದು ರೂಢಿ. ಲಿನಕ್ಸ್‌ನಲ್ಲಿ ಆ ಸಾಲು ಆವೃತ್ತಿಯ ಸಂಖ್ಯೆಯಿಂದ ತೊಡಗಿ, ಕಟ್ಟಿದವರ ಬಳಕೆದಾರ ಹೆಸರು, ಕಟ್ಟಿದ ಯಂತ್ರದ ಹೆಸರು, ಬಳಸಿದ ಕಂಪೈಲರಿನ ಆವೃತ್ತಿ, ಎಷ್ಟನೆಯ ಸಲದ ಕಟ್ಟಣೆ ಎಂಬ ಅಂಕಿ, ದಿನಾಂಕ ಮತ್ತು ಗಂಟೆ ನಿಮಿಷಗಳವರೆಗೆ ಹೋಗುತ್ತದೆ. ಬಿಎಸ್‌ಡಿ ವ್ಯವಸ್ಥೆಗಳಲ್ಲಿ ಕಟ್ಟಿದ ಕಡತಕೋಶದ ದಾರಿಯೂ ಅದರ ಜೊತೆಗಿರುತ್ತದೆ. ಅಂಕಿಯ ಜಾಗದಲ್ಲಿ 17 ಎಂದಿದ್ದರೆ ಅದೇ ಮೂಲಸಂಕೇತದಿಂದ ಹದಿನಾರು ಕಟ್ಟಣೆಗಳು ಮೊದಲೇ ಆಗಿಹೋಗಿವೆ ಎಂದರ್ಥ. ಶಾಸನದ ಕೊನೆಯಲ್ಲಿ ರೂವಾರಿಯ ಹೆಸರು ಇರುವಂತೆ ಇರುವ ಈ ಸಾಲಿನಲ್ಲಿ ಯಾರ ಹೆಸರು ಬಂತು, ಯಾವಾಗ ಬಂತು, ಯಾವಾಗ ಹೋಯಿತು ಎಂದು ನೋಡುತ್ತ ಹೋದರೆ ಕಸುಬಿನ ಚರಿತ್ರೆ ಬಹುಮಟ್ಟಿಗೆ ಕೈಗೆ ಸಿಗುತ್ತದೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ ಯುನಿಕ್ಸ್ 1973ರಲ್ಲಿ ಸಿ ಭಾಷೆಗೆ ಹೊರಳಿದ ಮೇಲೆ, ಕರ್ನಲ್ ಕಟ್ಟುವುದು ಹವ್ಯಾಸವಾಗಿರಲಿಲ್ಲ, ಅನಿವಾರ್ಯವಾಗಿತ್ತು. 1975ರ ಆರನೆಯ ಆವೃತ್ತಿಯನ್ನು ಟೇಪಿನಲ್ಲಿ ತರಿಸಿಕೊಂಡ ವಿಶ್ವವಿದ್ಯಾಲಯ ತನ್ನಲ್ಲಿರುವ ಡಿಸ್ಕು, ಟೇಪ್ ಡ್ರೈವ್, ಟರ್ಮಿನಲ್ ಮುಂತಾದವುಗಳ ಪಟ್ಟಿಯನ್ನು ‘ಎಂಕೆಕಾನ್ಫ್’ ಎಂಬ ಸಣ್ಣ ಪ್ರೋಗ್ರಾಮಿಗೆ ಕೊಡಬೇಕಿತ್ತು. ಅದು ಎರಡು ಕೋಷ್ಟಕ ಕಡತಗಳನ್ನು ಬರೆದುಕೊಡುತ್ತಿತ್ತು, ಅವನ್ನು ಉಳಿದ ಭಾಗದೊಡನೆ ಬೆಸೆದರೆ ಆ ಯಂತ್ರಕ್ಕೆಂದೇ ಆದ ಕರ್ನಲ್ ಸಿದ್ಧವಾಗುತ್ತಿತ್ತು. ಆಗಿನ ಕರ್ನಲ್ ಒಂಬತ್ತು ಸಾವಿರ ಸಾಲುಗಳಿಗಿಂತ ಕಡಿಮೆ ಇದ್ದದ್ದರಿಂದ ಒಬ್ಬ ವಿದ್ಯಾರ್ಥಿ ಅದನ್ನು ಪೂರ್ತಿ ಓದಿ ಮುಗಿಸಬಹುದಿತ್ತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಅದಕ್ಕೊಂದು ವ್ಯಾಖ್ಯಾನವನ್ನೇ ಬರೆದರು. ಮುಂದಿನ ಆವೃತ್ತಿಯ ಪರವಾನಗಿ ಮೂಲಸಂಕೇತವನ್ನು ತರಗತಿಯಲ್ಲಿ ಪಾಠ ಮಾಡುವುದನ್ನು ತಡೆದದ್ದರಿಂದ ಆ ವ್ಯಾಖ್ಯಾನ 1996ರಲ್ಲಿ ಪುಸ್ತಕವಾಗಿ ಅಚ್ಚಾಗುವವರೆಗೆ ಜೆರಾಕ್ಸ್ ಪ್ರತಿಗಳಲ್ಲೇ ಜಗತ್ತು ಸುತ್ತಿತು. ಬರ್ಕ್ಲಿಯ ಬಿಎಸ್‌ಡಿ ತಂಡ ಈ ಕ್ರಮವನ್ನು ತಿದ್ದಿ ‘ಕಾನ್ಫಿಗ್’ ಎಂಬ ಸಾಧನವನ್ನು ತಂದಿತು. ಎಲ್ಲ ಯಂತ್ರಗಳಿಗೂ ಹೊಂದುವ ‘ಜೆನೆರಿಕ್’ ಎಂಬ ಮಾದರಿ ಕಡತವನ್ನು ನಕಲು ಮಾಡಿ, ಅದಕ್ಕೆ ಯಂತ್ರದ ಹೆಸರಿಟ್ಟು, ಬೇಡದ ಸಾಲುಗಳನ್ನು ಅಳಿಸುವ ಪದ್ಧತಿ ಅಲ್ಲಿಂದಲೇ ಬಂದದ್ದು, ಫ್ರೀಬಿಎಸ್‌ಡಿಯಲ್ಲಿ ಇಂದಿಗೂ ಉಳಿದಿರುವುದು. ಜೆನೆರಿಕ್ ಎಂಬ ಆ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಕರ್ನಾಟಕದಲ್ಲಿ ಯುನಿಕ್ಸ್ ಜನಸಾಮಾನ್ಯರ ಬಳಿಗೆ ಬಂದದ್ದು ವಿಶ್ವವಿದ್ಯಾಲಯದ ಬಾಗಿಲಿನಿಂದಲ್ಲ, ಬ್ಯಾಂಕಿನ ಕೌಂಟರಿನ ಹಿಂದಿನಿಂದ. ಭಾರತೀಯ ರಿಸರ್ವ್ ಬ್ಯಾಂಕ್ 1983ರಲ್ಲಿ ಸಿ. ರಂಗರಾಜನ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ ಮರುವರ್ಷ ವರದಿ ಕೊಟ್ಟ ಮೇಲೆ ಬ್ಯಾಂಕುಗಳ ಗಣಕೀಕರಣ ಆರಂಭವಾಯಿತು. ಬೆಂಗಳೂರಿನ ವಿಪ್ರೊ ಸೇರಿದಂತೆ ದೇಶೀ ಯಂತ್ರ ತಯಾರಕರು ಯುನಿಕ್ಸ್ ಯಂತ್ರಗಳನ್ನು ಒದಗಿಸತೊಡಗಿದ ಆ ದಶಕದ ಕೊನೆಯ ಹೊತ್ತಿಗೆ, ಕರಾವಳಿಯಲ್ಲಿ ಹುಟ್ಟಿ ಮಲೆನಾಡಿನ ಊರೂರಿಗೆ ಶಾಖೆ ಹಾಕಿದ್ದ ನಮ್ಮ ಬ್ಯಾಂಕುಗಳಲ್ಲೂ ಯುನಿಕ್ಸ್ ಎಂಬ ಹೆಸರು ಕಿವಿಗೆ ಬೀಳತೊಡಗಿತು. ಇಲ್ಲಿ ಕರ್ನಲ್ ಕಟ್ಟುವ ಕೆಲಸಕ್ಕೆ ಇನ್ನೊಂದು ರೂಪವಿತ್ತು. ಪರವಾನಗಿಯ ನಿರ್ಬಂಧದಿಂದಾಗಿ ಮೂಲಸಂಕೇತ ಗಿರಾಕಿಗೆ ಸಿಗುತ್ತಿರಲಿಲ್ಲ. ಮೊದಲೇ ಕಂಪೈಲ್ ಆದ ತುಂಡುಗಳ ಒಂದು ಕಟ್ಟು, ‘ಲಿಂಕ್ ಕಿಟ್’ ಎಂಬ ಹೆಸರಿನಲ್ಲಿ, ಯಂತ್ರದ ಜೊತೆ ಬರುತ್ತಿತ್ತು. 386 ಯಂತ್ರದ ಮೇಲೆ ಓಡುತ್ತಿದ್ದ ಎಸ್‌ಸಿಒ ಯುನಿಕ್ಸ್‌ನಲ್ಲಿ ಹೊಸ ಟರ್ಮಿನಲ್‌ಗಳನ್ನು ಜೋಡಿಸಲು ಬಹು ಪೋರ್ಟಿನ ಸೀರಿಯಲ್ ಕಾರ್ಡ್ ಹಾಕಿದರೆ, ಅದರ ಡ್ರೈವರನ್ನು, ಅಂದರೆ ಆ ಕಾರ್ಡಿನ ಜೊತೆ ಮಾತಾಡಲು ಕರ್ನಲಿಗೆ ಕಲಿಸುವ ತುಂಡನ್ನು, ಸೇರಿಸಿ ಕರ್ನಲನ್ನು ಮತ್ತೆ ಬೆಸೆಯಬೇಕಿತ್ತು. ತೆರೆದಿರಬಹುದಾದ ಕಡತಗಳ ಸಂಖ್ಯೆ, ಏಕಕಾಲದಲ್ಲಿ ನಡೆಯಬಹುದಾದ ಕೆಲಸಗಳ ಸಂಖ್ಯೆ ಎಲ್ಲವೂ ಕರ್ನಲಿನೊಳಗೆ ಮೊದಲೇ ನಿಗದಿಯಾದ ಕೋಷ್ಟಕಗಳಾಗಿದ್ದರಿಂದ, ಅವುಗಳನ್ನು ಹಿಗ್ಗಿಸಲೂ ಮತ್ತೆ ಬೆಸೆಯುವುದೊಂದೇ ದಾರಿ. ಹಾಗೆ ಬೆಸೆದ ಮೇಲೆ ಇನ್ನು ಮುಂದೆ ಇದೇ ಕರ್ನಲಿನಿಂದ ಯಂತ್ರ ಏಳಬೇಕೇ ಎಂದು ಪರದೆಯ ಮೇಲೆ ಪ್ರಶ್ನೆ ಬರುತ್ತಿತ್ತು. ವೈ ಒತ್ತುವುದಕ್ಕೆ ಮುಂಚೆ ಬ್ಯಾಕಪ್ ಟೇಪ್ ಎಲ್ಲಿದೆ ಎಂದು ನೋಡಿಕೊಳ್ಳುವುದು ಒಳ್ಳೆಯ ಇಂಜಿನಿಯರರ ಲಕ್ಷಣ. ಈ ಕೆಲಸಗಾರರಿಗೆ ಮೂಲಸಂಕೇತ ಕಣ್ಣಿಗೆ ಬೀಳಲಿಲ್ಲ, ಅವರ ಹೆಸರು ಚರಿತ್ರೆಗೂ ಬೀಳಲಿಲ್ಲ.

ಕನ್ನಡ ಈ ಕಥೆಯಲ್ಲಿ ಎಲ್ಲಿತ್ತು ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಕನ್ನಡ ಲಿಪಿಯ ಕ್ಲಿಷ್ಟತೆ ಇರುವುದು ಒತ್ತಕ್ಷರ ಮತ್ತು ಗುಣಿತಗಳಲ್ಲಿ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಹಲವು ಸಂಕೇತಗಳು ಸಾಲಾಗಿ ಬರುತ್ತವೆ, ಅವನ್ನು ಒಂದರ ಕೆಳಗೊಂದು, ಒಂದರ ಪಕ್ಕ ಒಂದು ಕೂಡಿಸುವ ಕೆಲಸವನ್ನು ಯಾರಾದರೂ ಮಾಡಬೇಕು. ಕರ್ನಲ್ ಆ ಕೆಲಸವನ್ನು ಯಾವತ್ತೂ ವಹಿಸಿಕೊಳ್ಳಲಿಲ್ಲ. ಲಿನಕ್ಸ್ ಕರ್ನಲಿನೊಳಗೇ ಇರುವ ಪಠ್ಯ ಪರದೆ ಹೆಚ್ಚೆಂದರೆ 512 ಅಕ್ಷರಚಿತ್ರಗಳನ್ನು ಒಂದೇ ಅಳತೆಯ ಚೌಕಗಳಲ್ಲಿ ತೋರಿಸಬಲ್ಲದಷ್ಟೇ, ಅವನ್ನು ಕೂಡಿಸಲಾರದು. ಇಂಗ್ಲಿಷ್ ಬಲ್ಲವರು ಇಂಗ್ಲಿಷಿನ ಅಗತ್ಯ ನೋಡಿಕೊಂಡು ಎಳೆದ ಗೆರೆ ಅದು. ಕಾಲಾಂತರದಲ್ಲಿ ಯಾರೂ ಅದನ್ನು ಅಳಿಸಲಿಲ್ಲ. ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಟರ್ಮಿನಲ್‌ಗಳು ಯುನಿಕ್ಸ್ ಯಂತ್ರಗಳಿಗೆ ಭಾರತೀಯ ಲಿಪಿಗಳನ್ನು ತಂದಾಗ ಅಕ್ಷರ ಕೂಡಿಸುವ ಕೆಲಸವೆಲ್ಲ ಟರ್ಮಿನಲ್ಲಿನೊಳಗೇ ನಡೆಯಿತು. 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ಭಾರತೀಯ ಅಕ್ಷರಗಳೆಲ್ಲ ಎಂಟನೆಯ ಬಿಟ್ ಬಳಸುವ ಮೇಲಿನ ಅರ್ಧದಲ್ಲಿದ್ದವು. ಆದಕಾರಣ ಕರ್ನಲಿನ ಟರ್ಮಿನಲ್ ಡ್ರೈವರ್ ಹಳೆಯ ಅಭ್ಯಾಸದಂತೆ ಆ ಬಿಟ್ಟನ್ನು ಕತ್ತರಿಸದೆ ಹಾಗೇ ದಾಟಿಸಿಬಿಟ್ಟರೆ ಸಾಕಾಗಿತ್ತು. ಕತ್ತರಿಸಿದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಉದುರುತ್ತಿದ್ದವು.

ಮನೆಯ ಯಂತ್ರದ ಮೇಲೆ ಕರ್ನಲ್ ಕಟ್ಟುವ ಕಾಲ ಬಂದದ್ದು ಲಿನಕ್ಸ್‌ನಿಂದ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರ ಸೆಪ್ಟೆಂಬರಿನಲ್ಲಿ ಹೊರಬಿಟ್ಟ ಮೊದಲ ಕರ್ನಲ್ ಸುಮಾರು ಹತ್ತು ಸಾವಿರ ಸಾಲುಗಳಷ್ಟಿತ್ತು. 1994ರ ಮಾರ್ಚಿನ 1.0 ಆವೃತ್ತಿಯ ಹೊತ್ತಿಗೆ ಅದು 1,76,250 ಸಾಲುಗಳಿಗೆ ಬೆಳೆದಿತ್ತು. ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ಅದೂ ಮಹಾನಗರಗಳಲ್ಲಿ. ಆದ್ದರಿಂದ ಲಿನಕ್ಸ್ ಈ ದೇಶದ ಸಣ್ಣ ಊರುಗಳನ್ನು ತಂತಿಯ ಮೂಲಕವಲ್ಲ, ಅಂಚೆಯ ಮೂಲಕ ಮುಟ್ಟಿತು ಎನ್ನುವುದು ಹೆಚ್ಚು ಸರಿ. ‘ಪಿಸಿಕ್ವೆಸ್ಟ್’ ಮಾಸಪತ್ರಿಕೆ 1996ರ ಮಾರ್ಚ್ ಸಂಚಿಕೆಯೊಡನೆ ಸ್ಲ್ಯಾಕ್‌ವೇರ್ ಲಿನಕ್ಸ್‌ನ ಸಿಡಿಯನ್ನು ಹಂಚಿತು. ಅದರ ಹಿಂದಿದ್ದವರಲ್ಲಿ ಮುಖ್ಯರು ಬೆಂಗಳೂರಿನಲ್ಲಿ ನೆಲೆಸಿದ್ದ ಅತುಲ್ ಚಿಟ್ನಿಸ್. 1989ರಿಂದಲೇ ಟೆಲಿಫೋನ್ ತಂತಿಯ ಮೇಲೆ ಬಿಬಿಎಸ್ ಎಂಬ ಸಂದೇಶ ವಿನಿಮಯ ಕೇಂದ್ರವನ್ನು ನಡೆಸಿದ್ದ ಅವರಿಗೆ ಈ ದೇಶದ ತಂತಿಗಳ ಯೋಗ್ಯತೆ ಚೆನ್ನಾಗಿ ಗೊತ್ತಿತ್ತು. ಲೆಕ್ಕ ಹಾಕಿ ನೋಡಬಹುದು: 33.6 ಕಿಲೋಬಿಟ್ ವೇಗದ ಮೋಡೆಮ್ ಒಂದು ಕ್ಷಣವೂ ಕಡಿಯದೆ ಪೂರ್ಣ ವೇಗದಲ್ಲಿ ಓಡಿದರೂ 650 ಮೆಗಾಬೈಟಿನ ಒಂದು ಸಿಡಿಯಷ್ಟು ಮಾಹಿತಿ ಇಳಿಯಲು ಸುಮಾರು 44 ಗಂಟೆ ಬೇಕು. ಬೆಂಗಳೂರಿನಿಂದ ಹೊರಟ ಪತ್ರಿಕೆಯ ಕಟ್ಟು ಮಡಿಕೇರಿ ದಾಟಿ ವಿರಾಜಪೇಟೆ ರಸ್ತೆಯ ಮೂರ್ನಾಡಿನಲ್ಲಿ ಇಳಿಯಲು ಅಷ್ಟು ಹೊತ್ತು ಬೇಕಾಗದು.

ಅಂದಿನ ಬಳಕೆದಾರ ಕರ್ನಲ್ ಕಟ್ಟುತ್ತಿದ್ದುದಕ್ಕೆ ಮುಖ್ಯ ಕಾರಣ ಬಡತನ, ಅಂದರೆ ಮೆಮೊರಿಯ ಬಡತನ. ಉಳಿದ ತಂತ್ರಾಂಶಗಳನ್ನು ಜಾಗ ಸಾಲದಾಗ ಡಿಸ್ಕಿಗೆ ಸರಿಸಿಡಬಹುದು, ಕರ್ನಲನ್ನು ಸರಿಸಲಾಗದು. ಅದು ಯಂತ್ರ ಆರುವವರೆಗೂ ಮೆಮೊರಿಯಲ್ಲೇ ಕೂತಿರುತ್ತದೆ. ಎಲ್ಲ ಯಂತ್ರಗಳಿಗೂ ಹೊಂದಲೆಂದು ಹತ್ತಾರು ಡ್ರೈವರುಗಳನ್ನು ತುರುಕಿದ ಕರ್ನಲ್ ನಾಲ್ಕೋ ಎಂಟೋ ಮೆಗಾಬೈಟಿನ ಯಂತ್ರದಲ್ಲಿ ಬಾಡಿಗೆ ಕೊಡದ ಒಕ್ಕಲಿನಂತೆ ಜಾಗ ಹಿಡಿಯುತ್ತಿತ್ತು. ಜೊತೆಗೆ ಹಳೆಯ ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡುಗಳು ತಮ್ಮ ವಿಳಾಸವನ್ನು ತಾವೇ ಹೇಳುತ್ತಿರಲಿಲ್ಲ. ಅದನ್ನು ಬಲ್ಲವರು ಕರ್ನಲಿಗೆ ಹೇಳಿಕೊಡಬೇಕಿತ್ತು. ‘ಮೇಕ್ ಕಾನ್ಫಿಗ್’ ಎಂಬ ಆಜ್ಞೆ ಕೊಟ್ಟರೆ ಒಂದಾದ ಮೇಲೊಂದು ಪ್ರಶ್ನೆ ಬರುತ್ತಿತ್ತು: ಈ ಭಾಗ ಕರ್ನಲಿನೊಳಗೇ ಬೇಕಾದರೆ ವೈ, ಬೇಡವಾದರೆ ಎನ್, ಅಗತ್ಯ ಬಿದ್ದಾಗ ಮಾತ್ರ ಜೋಡಿಸಿಕೊಳ್ಳುವ ಬಿಡಿ ತುಂಡಾಗಿ, ಅಂದರೆ ಮಾಡ್ಯೂಲಾಗಿ, ಬೇಕಾದರೆ ಎಂ. ನೂರಾರು ಪ್ರಶ್ನೆಗಳ ನಡುವೆ ಒಂದಕ್ಕೆ ತಪ್ಪು ಉತ್ತರ ಕೊಟ್ಟರೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ, ಮೊದಲಿನಿಂದ ಶುರು ಮಾಡಬೇಕಿತ್ತು. ಪಟ್ಟಿಯ ರೂಪದಲ್ಲಿ ಬೇಕಾದಲ್ಲಿಗೆ ಹೋಗಿ ಗುರುತು ಹಾಕಬಹುದಾದ ‘ಮೆನುಕಾನ್ಫಿಗ್’ ಆಮೇಲೆ ಬಂದು ಬಹಳ ಜನರ ತಾಳ್ಮೆಯನ್ನು ಉಳಿಸಿತು. ಪ್ರಶ್ನೆಗಳ ಜೊತೆಗಿನ ಸಹಾಯ ಟಿಪ್ಪಣಿಗಳಲ್ಲಿ ಹೆಚ್ಚಿನವು ಸಂಶಯವಿದ್ದರೆ ಎನ್ ಎನ್ನಿ ಎಂಬ ಅರ್ಥದ ಮಾತಿನಿಂದ ಮುಗಿಯುತ್ತವೆ, ಆ ಸಲಹೆಯನ್ನು ಡಿಸ್ಕ್ ಡ್ರೈವರಿನ ಪ್ರಶ್ನೆಗೂ ಅನ್ವಯಿಸಿದವರ ಯಂತ್ರ ಮತ್ತೆ ಏಳುತ್ತಿರಲಿಲ್ಲ.

ಕಂಪೈಲ್ ಮಾಡುವುದಕ್ಕೆ 386 ಯಂತ್ರದಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬಾರದ ಕೊಡಗಿನಂಥ ಸೀಮೆಯಲ್ಲಿ ಅಷ್ಟು ಹೊತ್ತು ಯಂತ್ರ ಓಡುವುದೇ ಒಂದು ಭಾಗ್ಯ. ಇಲ್ಲಿ ಸಹಾಯಕ್ಕೆ ಬಂದದ್ದು ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ‘ಮೇಕ್’ ಎಂಬ ಸಾಧನ. ಅದು ಪ್ರತಿ ಮೂಲ ಕಡತದ ಸಮಯವನ್ನೂ ಅದರಿಂದ ಹುಟ್ಟಿದ ತುಂಡಿನ ಸಮಯವನ್ನೂ ಹೋಲಿಸಿ, ಹಳೆಯದಾದದ್ದನ್ನು ಮಾತ್ರ ಮತ್ತೆ ಕಂಪೈಲ್ ಮಾಡುತ್ತದೆ. ಹಾಗಾಗಿ ಅರ್ಧಕ್ಕೆ ನಿಂತ ಕಟ್ಟಣೆ ಕರೆಂಟ್ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ತುಂಡು ಮುರುಕಾಗಿದ್ದರೂ ಅದರ ಸಮಯ ಹೊಸದೇ ಆಗಿರುತ್ತದೆ, ಮೇಕ್ ಅದನ್ನು ಮುಗಿದ ಕೆಲಸವೆಂದು ನಂಬಿಬಿಡುತ್ತದೆ, ಎಲ್ಲ ಬೆಸೆಯುವ ಕೊನೆಯ ಹೊತ್ತಿನಲ್ಲಿ ದೋಷ ಹೊರಬೀಳುತ್ತದೆ. ಆ ಒಂದು ತುಂಡನ್ನು ಹುಡುಕಿ ಅಳಿಸಿದರೆ ಸಾಕು ಎಂಬುದು ಅನುಭವಸ್ಥರಿಗೆ ಗೊತ್ತು, ಹೊಸಬರು ಎಲ್ಲವನ್ನೂ ಅಳಿಸಿ ಮತ್ತೆ ರಾತ್ರಿಯಿಡೀ ಕಾಯುತ್ತಿದ್ದರು. ಕಟ್ಟಿ ಮುಗಿದ ಮೇಲೂ ಒಂದು ಗಂಡಾಂತರವಿತ್ತು. ಯಂತ್ರವನ್ನು ಎಬ್ಬಿಸುತ್ತಿದ್ದ ‘ಲೈಲೋ’ ಎಂಬ ಪ್ರೋಗ್ರಾಮಿಗೆ ಕಡತದ ಹೆಸರು ತಿಳಿಯದು, ಡಿಸ್ಕಿನ ಮೇಲೆ ಕರ್ನಲ್ ಇರುವ ಜಾಗಗಳ ಅಂಕಿಗಳಷ್ಟೇ ಅದರ ಬಳಿ ಇರುತ್ತವೆ. ಹೊಸ ಕರ್ನಲ್ ಇಟ್ಟು ಲೈಲೋವನ್ನು ಮತ್ತೊಮ್ಮೆ ಓಡಿಸಲು ಮರೆತರೆ ಮುಂದಿನ ಬಾರಿ ಯಂತ್ರ ಏಳುವ ಭರವಸೆ ಇರಲಿಲ್ಲ. ಆದ್ದರಿಂದಲೇ ಹಳೆಯ ಕರ್ನಲನ್ನು ಇನ್ನೊಂದು ಹೆಸರಿನಲ್ಲಿ ಉಳಿಸಿಕೊಳ್ಳುವ ಪದ್ಧತಿ ಎಲ್ಲ ಕಡೆಯೂ ಬೇರೂರಿತು; ಫ್ರೀಬಿಎಸ್‌ಡಿ ಆ ಕೆಲಸವನ್ನು ತಾನೇ ಮಾಡಿ ಹಳೆಯದಕ್ಕೆ ‘ಓಲ್ಡ್’ ಎಂದು ಹೆಸರಿಡುತ್ತದೆ. ಹೊಸ ಮನೆ ಒಕ್ಕಲಾಗುವವರೆಗೆ ಹಳೆಯ ಮನೆಯ ಹೆಂಚು ಇಳಿಸಬಾರದೆಂಬ ವಿವೇಕ ಇದರಲ್ಲಿದೆ. ಈ ಕಾಲದ ಕರ್ನಲುಗಳ ಸಾಲಿನಲ್ಲಿ ಬರುತ್ತಿದ್ದುದು ಕಟ್ಟಿದವರ ಸ್ವಂತ ಹೆಸರು, ಅವರು ತಮ್ಮ ಯಂತ್ರಕ್ಕೆ ಇಟ್ಟ ಮುದ್ದಿನ ಹೆಸರು.

2001ರಲ್ಲಿ ಬೆಂಗಳೂರಿನಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಸಮ್ಮೇಳನ ಆರಂಭವಾಯಿತು. 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ಮುಂದುವರಿದು 2012ರಲ್ಲಿ ಕೊನೆಗೊಂಡಿತು, ಮರುವರ್ಷದ ಜೂನ್‌ನಲ್ಲಿ ಅದರ ಹಿಂದೆಯೂ ಇದ್ದ ಚಿಟ್ನಿಸ್ ತೀರಿಕೊಂಡರು. ಅದೇ 2001ರ ಏಪ್ರಿಲ್ 25ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕ ಬೆಳಕಿಗೆ ಬಂತು. ಅದರ ಎದೆಯಲ್ಲಿದ್ದದ್ದು 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, ಅದರ ಮೇಲೆ 2.4 ಸರಣಿಯ ಲಿನಕ್ಸ್ ಕರ್ನಲ್. ಇಂಥ ಉಪಕರಣಕ್ಕೆ ಆಗ ಸಿದ್ಧ ಕರ್ನಲ್ ಸಿಗುತ್ತಿರಲಿಲ್ಲ. ಆರ್ಮ್ ಸಂಸ್ಕಾರಕಗಳಿಗೆ ಬೇಕಾದ ತಿದ್ದುಪಡಿಗಳನ್ನು ಮುಖ್ಯ ಕರ್ನಲಿನ ಮೇಲೆ ಪದರ ಪದರವಾಗಿ ಹಚ್ಚಬೇಕಿತ್ತು, ಒತ್ತುಪರದೆಗೂ ಸ್ಮಾರ್ಟ್ ಕಾರ್ಡ್ ಓದುವ ಭಾಗಕ್ಕೂ ಡ್ರೈವರ್ ಬೇಕಿತ್ತು, ಇಷ್ಟನ್ನೂ ಇನ್ನೊಂದು ಜಾತಿಯ ಸಂಸ್ಕಾರಕವಿರುವ ಮೇಜಿನ ಗಣಕದ ಮೇಲೆ ಕಟ್ಟಿ ದಾಟಿಸಬೇಕಿತ್ತು. ಈ ಕೊನೆಯದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ. ಕನ್ನಡ, ಹಿಂದಿ, ತಮಿಳುಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೂ ಆ ಪುಟ್ಟ ಯಂತ್ರದಲ್ಲಿತ್ತು. ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ಪಿಕೊಪೆಟಾ ಸಂಸ್ಥೆ 2004ರ ಏಪ್ರಿಲ್‌ನಲ್ಲಿ ‘ಅಮಿಡಾ’ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತಾದರೂ 50,000 ಮಾರುವ ಗುರಿಗೆ ಎದುರಾಗಿ ಮಾರಾಟವಾದದ್ದು 4,000ದ ಆಸುಪಾಸು. ಸೋಲನ್ನು ಅಲ್ಲಗಳೆಯಬೇಕಾಗಿಲ್ಲ, ಆದರೆ ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರ ಮೊದಲ ಆಂಡ್ರಾಯ್ಡ್ ಫೋನಿಗಿಂತ ಏಳು ವರ್ಷ ಮುಂಚೆ ಮಲ್ಲೇಶ್ವರದ ಆಚೆಗೇ ತಯಾರಾಗಿತ್ತು ಎಂಬುದು ಸೋಲಿನ ಲೆಕ್ಕದಲ್ಲಿ ಕಾಣುವುದಿಲ್ಲ.

ಬೆಂಗಳೂರಿನಿಂದ ಕರ್ನಲಿಗೆ ಸಂದ ನಿಜವಾದ ಕೊಡುಗೆ ಬೇರೆ ಕಡೆಯಿಂದ ಬಂತು, ಆ ಕೊಡುಗೆಯಲ್ಲೊಂದು ವಿಚಿತ್ರವೂ ಇದೆ. ಐಬಿಎಂ ಕಂಪನಿಯ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಬೆಂಗಳೂರು ತಂಡ ಬೆಳೆಸಿದ ‘ಕೆಪ್ರೋಬ್ಸ್’ 2004ರಲ್ಲಿ 2.6.9 ಆವೃತ್ತಿಯೊಡನೆ ಮುಖ್ಯ ಕರ್ನಲಿಗೆ ಸೇರಿತು. ಓಡುತ್ತಿರುವ ಕರ್ನಲಿನ ಬಹುತೇಕ ಯಾವುದೇ ಸಾಲಿನಲ್ಲಿ ಒಂದು ಗೂಟ ನೆಟ್ಟು, ಯಂತ್ರವನ್ನು ನಿಲ್ಲಿಸದೆ ಅಲ್ಲಿ ಏನಾಗುತ್ತಿದೆ ಎಂದು ನೋಡುವ ವ್ಯವಸ್ಥೆ ಅದು. ಅದಿಲ್ಲದಿದ್ದಾಗ ಸಂಶಯವಿದ್ದ ಕಡೆ ಮುದ್ರಿಸುವ ಆಜ್ಞೆ ಬರೆದು, ಕರ್ನಲನ್ನು ಮತ್ತೆ ಕಟ್ಟಿ, ಮತ್ತೆ ಎಬ್ಬಿಸಿ ನೋಡಬೇಕಿತ್ತು. ಕರ್ನಲ್ ಕಟ್ಟುವ ಕಸುಬನ್ನು ಆಳವಾಗಿ ಬಲ್ಲವರೇ ಕಟ್ಟುವ ಅಗತ್ಯವನ್ನು ಕಡಿಮೆ ಮಾಡಿದರು ಎಂಬುದೇ ಆ ವಿಚಿತ್ರ. ಆ ಕಡತದ ತಲೆಯ ಟಿಪ್ಪಣಿಯಲ್ಲಿ 2002ರಲ್ಲಿ ವಂಶಿಕೃಷ್ಣ ಎಸ್. ರಚಿಸಿದ್ದು, 2004ರಲ್ಲಿ ಪ್ರಸನ್ನ ಎಸ್. ಪಂಚಮುಖಿ ಪರಿಷ್ಕರಿಸಿದ್ದು ಎಂಬ ದಾಖಲೆ ಉಳಿದಿದೆ. ಕರ್ನಲಿನ ಪಾಲಕರ ಪಟ್ಟಿಯಲ್ಲಿ ಕೆಪ್ರೋಬ್ಸ್ ಎದುರಿಗೆ ಬಹುಕಾಲ ಇದ್ದ ಹೆಸರುಗಳಲ್ಲೊಂದು ಅನಂತ ಎನ್. ಮಾವಿನಕಾಯನಹಳ್ಳಿ. ಅಕ್ಷರ ತೋರಿಸಲು ಕನ್ನಡಕ್ಕೆ ಜಾಗ ಕೊಡದ ಕರ್ನಲಿನೊಳಗೆ ಕನ್ನಡದ ಒಂದು ಹಳ್ಳಿಯ ಹೆಸರು ರೋಮನ್ ಲಿಪಿಯಲ್ಲಿ ಇಡಿಯಾಗಿ ಕುಳಿತಿತ್ತು.

ಅದೇ ತಂಡದವರು ಮುಖ್ಯ ಪಾತ್ರ ವಹಿಸಿದ ಇನ್ನೊಂದು ಕೆಲಸ 2005ರ 2.6.13 ಆವೃತ್ತಿಗೆ ಸೇರಿದ ‘ಕೆಡಂಪ್’. ಕರ್ನಲ್ ಕುಸಿದಾಗ ಅದು ಯಾಕೆ ಕುಸಿಯಿತೆಂದು ತಿಳಿಯಲು ಮೆಮೊರಿಯ ಪ್ರತಿ ಬೇಕು, ಆದರೆ ಕುಸಿದ ಕರ್ನಲಿನ ಕೈಯಿಂದಲೇ ಡಿಸ್ಕಿಗೆ ಬರೆಸುವುದು ಅಪಾಯ. ಆದ್ದರಿಂದ ಮೆಮೊರಿಯ ಒಂದು ಮೂಲೆಯನ್ನು ಮೊದಲೇ ಕಾದಿರಿಸಿ ಅಲ್ಲಿ ಎರಡನೆಯ ಪುಟ್ಟ ಕರ್ನಲನ್ನು ಮಲಗಿಸಿಡುತ್ತಾರೆ, ಮೊದಲನೆಯದು ಬಿದ್ದಾಗ ಎರಡನೆಯದು ಎದ್ದು ಅದರ ಪಂಚನಾಮೆ ಬರೆಯುತ್ತದೆ. ಆರಂಭದಲ್ಲಿ ಆ ಎರಡನೆಯದನ್ನು ಬೇರೆಯೇ ವಿಳಾಸಕ್ಕೆಂದು ಪ್ರತ್ಯೇಕವಾಗಿ ಕಟ್ಟಬೇಕಿತ್ತು, 2007ರ 2.6.20 ಆವೃತ್ತಿಯಿಂದ ಒಂದೇ ಕರ್ನಲ್ ಎರಡೂ ಜಾಗದಲ್ಲಿ ಕೆಲಸ ಮಾಡುವಂತಾಗಿ ಆ ಅಗತ್ಯವೂ ತಪ್ಪಿತು.

ಅಷ್ಟರಲ್ಲಿ ಮನೆಯ ಬಳಕೆದಾರನೂ ಕಟ್ಟುವುದನ್ನು ಬಿಟ್ಟಿದ್ದ. ಮೆಮೊರಿ ಅಗ್ಗವಾಯಿತು, ಯಂತ್ರದ ಭಾಗಗಳು ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳತೊಡಗಿದವು, ಬೇಕಾದ ಮಾಡ್ಯೂಲನ್ನು ಬೇಕಾದಾಗ ಜೋಡಿಸುವ ಕ್ರಮ ಗಟ್ಟಿಯಾಯಿತು. ಡೆಬಿಯನ್ನಿನಂಥ ವಿತರಣೆಗಳು ಕಟ್ಟಿಕೊಟ್ಟ ಕರ್ನಲಿನ ಸಾಲಿನಲ್ಲಿ ವ್ಯಕ್ತಿಯ ಹೆಸರಿನ ಬದಲು ತಂಡದ ವಿಳಾಸ ಬಂತು. ಒಂದೇ ಮೂಲಸಂಕೇತದಿಂದ ಯಾರು ಎಲ್ಲಿ ಕಟ್ಟಿದರೂ ಬಿಟ್‌ಗೆ ಬಿಟ್ ಒಂದೇ ಫಲ ಬರಬೇಕು, ಹಾಗಾದರೆ ಮಾತ್ರ ನಡುವೆ ಯಾರೂ ಕೈಯಾಡಿಸಿಲ್ಲವೆಂದು ಪರೀಕ್ಷಿಸಬಹುದು ಎಂಬ ವಾದ ಬಲಗೊಂಡಾಗ, ಹೆಸರು ಮತ್ತು ಹೊತ್ತು ತುಂಬಿದ ಆ ಸಾಲು ಅಡ್ಡಿಯಾಗಿಯೇ ಕಂಡಿತು. ವಾದ ಸರಿಯಾದದ್ದೇ, ಆದರೂ ಕೈಗೆಲಸದ ಗುರುತು ಅಳಿಯುವಾಗ ಏನೋ ಕಳೆದುಹೋಗುತ್ತದೆ ಎಂಬುದನ್ನು ಚರಿತ್ರಕಾರ ಗಮನಿಸದೆ ಇರಲಾಗದು.

ಆಂಡ್ರಾಯ್ಡ್ ಫೋನುಗಳು ಬಂದ ಮೇಲೆ ಪ್ರತಿ ಕಂಪನಿ ಪ್ರತಿ ಮಾದರಿಗೂ ಬೇರೆ ಬೇರೆ ಕರ್ನಲ್ ಕಟ್ಟತೊಡಗಿತು, ಒಂದರಲ್ಲಿ ಸರಿಪಡಿಸಿದ ದೋಷ ಇನ್ನೊಂದಕ್ಕೆ ತಲುಪದಾಯಿತು. ಇದನ್ನು ತಡೆಯಲು ಗೂಗಲ್ ಎಲ್ಲ ಫೋನುಗಳಿಗೂ ಒಂದೇ ಕರ್ನಲನ್ನು ತಾನೇ ಕಟ್ಟಿ, ಕಂಪನಿಗಳು ತಮ್ಮ ತುಂಡುಗಳನ್ನು ಮಾಡ್ಯೂಲಾಗಿ ಮಾತ್ರ ಸೇರಿಸಬೇಕೆಂಬ ನಿಯಮ ತಂದಿತು. ಆಂಡ್ರಾಯ್ಡ್ 12 ಮತ್ತು 5.10 ಕರ್ನಲಿನೊಡನೆ ಹೊರಬಂದ ಫೋನುಗಳಿಂದ ಅದು ಕಡ್ಡಾಯವಾಯಿತು. ಅದಕ್ಕೆ ಇಟ್ಟ ಹೆಸರು ಜೆನೆರಿಕ್ ಕರ್ನಲ್ ಇಮೇಜ್. ಬರ್ಕ್ಲಿಯಲ್ಲಿ ನಕಲು ಮಾಡಿ ತಿದ್ದಿಕೊಳ್ಳಲೆಂದು ಇಟ್ಟಿದ್ದ ಕಡತದ ಹೆಸರು, ಇನ್ನು ತಿದ್ದಬಾರದ ಕರ್ನಲಿನ ಹೆಸರಾಯಿತು. ಮೂರ್ನಾಡಿನ ಪೇಟೆಯಲ್ಲಿ ಇಂದು ಯಾರ ಕೈಯಲ್ಲಿರುವ ಆಂಡ್ರಾಯ್ಡ್ ಫೋನನ್ನು ತೆಗೆದುಕೊಂಡರೂ, ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರಗಳಿರುವ ಪುಟಕ್ಕೆ ಹೋದರೆ ಕರ್ನಲ್ ಆವೃತ್ತಿ ಎಂಬ ಸಾಲು ಸಿಗುತ್ತದೆ. ಮೇಜಿನ ಖಾನೆಯಲ್ಲಿ ಬಿದ್ದಿರುವ ಹತ್ತು ಹನ್ನೆರಡು ವರ್ಷದ ಹಿಂದಿನ ಫೋನಾದರೆ ಅಲ್ಲಿ ಕಟ್ಟಿದವರ ಹೆಸರೂ ಕಟ್ಟಿದ ಯಂತ್ರದ ಹೆಸರೂ ಇರುತ್ತವೆ. ಹೊಸ ಫೋನಾದರೆ ಆವೃತ್ತಿ, ಕಟ್ಟಣೆಯ ಅಂಕಿ, ದಿನಾಂಕ, ಇಷ್ಟೇ.